ಜಯಮ್ಮನವರು ಬೇಡವೆಂದ ಪಟ್ಟಿ

ಕೆಲಸ ಬಲ್ಲವರೊಬ್ಬರು ‘ಬೇಡ’ ಎಂದಾಗ, ಆ ಎಚ್ಚರವನ್ನು ಅಂಜಿಕೆಯೆಂದು ತಿಳಿದು ನೀವು ಎಂದಾದರೂ ವಾದದಲ್ಲಿ ಗೆದ್ದಿದ್ದೀರಾ? ನಾನು ಗೆದ್ದಿದ್ದೇನೆ. ಸೋತವರು ಜಯಮ್ಮನವರು.

ಎಂಬತ್ತರ ದಶಕದ ಕೊನೆಯಲ್ಲಿ ಗೋವಿಂದರಾಜನಗರದ ನಮ್ಮ ರಕ್ತದಾನಿಗಳ ಸಂಘಕ್ಕೆ ಒಂದು ಕಂಪ್ಯೂಟರ್ ಬಂದಿತ್ತು. ಅದರ ಮುಂದೆ ಕೂರುತ್ತಿದ್ದವರು ಜಯಮ್ಮ; ಹಿಂದೆ ಟೈಪಿಂಗ್ ಕಲಿಸುತ್ತಿದ್ದವರು, ಐವತ್ತರ ಆಸುಪಾಸು. ದಾನಿಗಳು ಬರೆದುಕೊಟ್ಟ ಚೀಟಿಗಳನ್ನು ಯಂತ್ರಕ್ಕೆ ತುಂಬಿ, ಅಚ್ಚು ತೆಗೆದು, ಒಂದೊಂದು ಹೆಸರನ್ನೂ ರಕ್ತದ ಗುಂಪನ್ನೂ ಗಟ್ಟಿಯಾಗಿ ಓದಿ ತಾಳೆ ನೋಡುತ್ತಿದ್ದರು. ನಡುವೆ ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲ ಹೆಸರಿನಿಂದ. ಒಂದು ಪ್ರೋಗ್ರಾಂ ಮುಚ್ಚದೆ ಇನ್ನೊಂದನ್ನು ತೆರೆದವರಲ್ಲ.

ಕಾರ್ಯದರ್ಶಿಯಾಗಿದ್ದ ನನಗೆ ಈ ನಿಧಾನ ಸಹಿಸಲಾಗಲಿಲ್ಲ. ಪಟ್ಟಿ, ಪತ್ರ, ಅಚ್ಚು ಮೂರನ್ನೂ ಒಟ್ಟಿಗೆ ನಡೆಸುವ ಹೊಸ ಸಾಫ್ಟ್‌ವೇರೊಂದನ್ನು ಫ್ಲಾಪಿಯಲ್ಲಿ ತಂದೆ. ಯಂತ್ರದ ಮೆಮೊರಿ ಬರೀ ಆರುನೂರ ನಲವತ್ತು ಕೆ.ಬಿ., ಪಟ್ಟಿಯೊಂದೇ ಅದರ ಬಹುಪಾಲನ್ನು ನುಂಗುತ್ತದೆ ಎಂದು ಅವರು ತಡೆದರು.

“ಒಂದು ರೂಮಿನ ಬಾಡಿಗೆ ಮನೆ ಕಣಪ್ಪ ಇದು. ಮೂರು ಸಂಸಾರ ಇಟ್ರೆ ಯಾರ ಪಾತ್ರೆ ಯಾರ ಒಲೆ ಮೇಲಿದೆ ಅಂತ ಗೊತ್ತಾಗಲ್ಲ.”

ಸಮಿತಿಯಲ್ಲಿ ನಾನು ಕಾಲು ಗಂಟೆ ಮಾತನಾಡಿದೆ. ಹಳೆಯ ಪದ್ಧತಿಯ ಮೋಹವೇ ಸಮಾಜದ ರೋಗವೆಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಡುವಾಗ ಜಯಮ್ಮ ನಕ್ಕರು: “ಭಾಷಣ ಚೆನ್ನಾಗಿತ್ತು ಸೆಕ್ರೆಟರಿ. ಮೆಷಿನ್ ಕೇಳಿಸ್ಕೊಂಡಿಲ್ಲ, ಅಷ್ಟೆ.”

ವಾರ್ಷಿಕ ಸಭೆಯ ದಿನ ಬೆಳಿಗ್ಗೆ ದಾನಿಗಳಿಗೆ ಕೊಡಬೇಕಾದ ವಂದನಾಪತ್ರಗಳು ಅಚ್ಚಾಗುತ್ತಿರುವಾಗಲೇ ಹೊಸ ಹೆಸರುಗಳನ್ನೂ ತುಂಬಿಸಲು ಹೇಳಿದೆ. ಪರದೆ ಕಲ್ಲಾಯಿತು. ಮತ್ತೆ ಚಾಲೂ ಮಾಡಿದಾಗ ಪಟ್ಟಿಯೇನೋ ತೆರೆಯಿತು. ಆದರೆ ಜಯಮ್ಮನವರಿಗೆ ಅನುಮಾನ. ಚೀಟಿಗಳೊಂದಿಗೆ ತಾಳೆ ನೋಡಲು ಎರಡು ದಿನ ಕೇಳಿದರು. ಸಂಜೆ ವೇದಿಕೆಯಲ್ಲಿ ಬಿಡುಗಡೆಯಾಗಬೇಕಾದ ಪಟ್ಟಿಯದು. ಅಚ್ಚಾದ ಪ್ರತಿಯನ್ನು ಅವರ ಮೇಜಿನಿಂದ ನಾನೇ ಎತ್ತಿಕೊಂಡು ಹೋದೆ.

ಮೂರು ವಾರದ ಮೇಲೆ ದೀಪಾಂಜಲಿ ನಗರದ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯಾಗಿ ರಕ್ತಸ್ರಾವ ನಿಲ್ಲಲಿಲ್ಲ. ಬೇಕಾದದ್ದು ಓ ನೆಗೆಟಿವ್. ಅವಳ ಗಂಡ ನಮ್ಮ ಪಟ್ಟಿ ಹಿಡಿದು ಮೂವರನ್ನು ಕರೆತಂದ. ಆಸ್ಪತ್ರೆಯ ಪರೀಕ್ಷೆಯಲ್ಲಿ ಮೂವರದೂ ಬೇರೆ ಗುಂಪು. ಯಂತ್ರ ನಿಂತ ಬೆಳಿಗ್ಗೆ, ಒಂದು ಸಾಲಿನಿಂದ ಕೆಳಗೆ ಎಲ್ಲರ ಗುಂಪೂ ಮುಂದಿನವರ ಹೆಸರಿಗೆ ಜಾರಿತ್ತು. ಸುದ್ದಿ ತಿಳಿದ ಜಯಮ್ಮ ಚೀಟಿಗಳ ಕಟ್ಟು ಬಿಚ್ಚಿ, ಸರಿಯಾದ ದಾನಿಯನ್ನು ಹುಡುಕಿ, ತಾವೇ ಆಟೋದಲ್ಲಿ ಕರೆದೊಯ್ದರು. ಅವರು ತಲುಪುವ ಹೊತ್ತಿಗೆ ಅವಳ ಮುಖಕ್ಕೆ ಬಟ್ಟೆ ಹೊದಿಸಿದ್ದರು.

ಟೈಪ್ ಮಾಡಿದವರ ಅಜಾಗರೂಕತೆಯೇ ಕಾರಣವೆಂದು ಸಮಿತಿ ನಿರ್ಣಯ ಬರೆಯಿತು. ಚರ್ಚಾಸ್ಪರ್ಧೆಗಳಲ್ಲಿ ಪದಕ ಗೆದ್ದಿದ್ದ ನಾನು ಅಂದು ಬಾಯಿ ತೆರೆಯಲಿಲ್ಲ. ಜಯಮ್ಮ ಚೀಟಿಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ, ಬೀಗದ ಕೈ ಮೇಜಿನ ಮೇಲಿಟ್ಟು ಹೋದರು. ಬೀದಿಯ ಜನ ಅವರನ್ನು ಕಂಡಾಗ ದನಿ ತಗ್ಗಿಸತೊಡಗಿದರು.

ಎರಡು ವರ್ಷದ ನಂತರ ಅತ್ತಿಗುಪ್ಪೆಯ ಬಸ್ ಸ್ಟಾಪಿನಲ್ಲಿ ಸಿಕ್ಕರು. ನಾನು ತಡವರಿಸುತ್ತಾ ಕ್ಷಮೆ ಕೇಳಿದೆ. ಕೊನೆಯವರೆಗೂ ಕೇಳಿಸಿಕೊಂಡರು.

“ನನ್ನ ಹತ್ರ ಯಾಕಪ್ಪ ಹೇಳ್ತೀಯ? ಅವತ್ತು ಹತ್ತು ಜನ ಕೂತಿದ್ರಲ್ಲ, ಅಲ್ಲಿ ಹೇಳ್ಬೇಕಿತ್ತು.”

ಬಸ್ಸು ಬಂತು, ಹತ್ತಿದರು. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳುಗಳ ಮೇಲೆ.

ಆ ಹತ್ತು ಜನರಲ್ಲಿ ಈಗ ಬಹುಮಂದಿ ಇಲ್ಲ. ಆದರೆ ಬಡಾವಣೆಯಲ್ಲಿ ಆ ಮಾತು ಇನ್ನೂ ಇದೆ. ಓದುಗರಲ್ಲಿ ನನ್ನದೊಂದು ಕೋರಿಕೆ: ಜಯಮ್ಮನ ತಪ್ಪಿನಿಂದ ಆ ಹೆಣ್ಣುಮಗಳು ಸತ್ತಳೆಂದು ಯಾರಾದರೂ ಹೇಳಿದರೆ ಸುಮ್ಮನಿರಬೇಡಿ. ತಾಳೆ ನೋಡದ ಪಟ್ಟಿಯನ್ನು ಕಿತ್ತುಕೊಂಡು ಹೋದವನು ಸಂಘದ ಕಾರ್ಯದರ್ಶಿ ಎಂದು ಅವರಿಗೆ ಹೇಳಿ.