ದೋಣಿಗೆ ಕರೆಂಟ್ ಕೊಯ್ದ ವಾರ

ನಮ್ಮ ಮೊಮ್ಮಗಳು ಆ ದೋಣಿಯನ್ನು ಎದೆಗವಚಿಕೊಂಡು ಬಸ್ಸಿನಿಂದ ಇಳಿದದ್ದನ್ನು ನೆನೆದರೆ ನನಗೆ ಈಗಲೂ ನಗು ಉಕ್ಕಿ ಬರುತ್ತದೆ. ಒಂದು ಕೈಯಲ್ಲಿ ಕೆಂಪು ಬಿಳಿ ಬಣ್ಣದ ಆಟದ ದೋಣಿ, ಇನ್ನೊಂದು ಕಂಕುಳಲ್ಲಿ ರೇಡಿಯೋದ ಹಾಗೆ ಉದ್ದನೆ ಏರಿಯಲ್ ನಿಗುರಿಸಿಕೊಂಡ ಒಂದು ಡಬ್ಬಿ. ಹಿಂದೆ ಅವಳ ಅಪ್ಪ, ಅಂದರೆ ನನ್ನ ಮಗ, ಸೊಸೆ, ಟ್ರಂಕು, ಪಾತ್ರೆ, ಹಾಸಿಗೆ ಸುರುಳಿ. ಕುದುರೆಮುಖದಲ್ಲಿ ಗಣಿ ನಿಂತು, ಕಾಲನಿಯ ಶಾಲೆ ಬಸ್ಸು ಓಡಿಸುತ್ತಿದ್ದ ಮಗನಿಗೆ ಕೆಲಸ ಇಲ್ಲವಾಗಿ, ಮೂವರೂ ಕಳಸದ ಹತ್ತಿರ ನಾವು ಕೆಲಸ ಮಾಡುವ ಎಸ್ಟೇಟಿನ ಆಳುಗಳ ಸಾಲುಮನೆಗೆ, ಅಂದರೆ ಲೈನ್ ಮನೆಗೆ, ಬಂದ ದಿನ ಅದು. ಬೇಜಾರು ಮಾಡಿಕೊಳ್ಳಬೇಕಾದ ದಿನವೇ. ಆದರೆ ನನ್ನ ತಲೆಯಲ್ಲಿ ಇನ್ನು ಮೊಮ್ಮಗಳು ದಿನಾ ಕಣ್ಣೆದುರಿಗೇ ಇರುತ್ತಾಳೆ ಅನ್ನುವುದೊಂದೇ ತುಂಬಿಕೊಂಡಿತ್ತು. ಆ ಖುಷಿಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಯಾರೂ ಬಯ್ಯಲಿಲ್ಲ.

“ಎಂಥದೇ ಇದು?” ಅಂದೆ.

“ರಿಮೋಟ್ ದೋಣಿ ಅಜ್ಜಿ. ನೀರಿಗೆ ಬಿಟ್ಟು, ದಡದಲ್ಲಿ ನಿಂತು ಈ ಡಬ್ಬಿ ಹಿಡ್ಕೊಂಡ್ರೆ ನಾವು ಹೇಳಿದ ಕಡೆ ಹೋಗ್ತದೆ. ವೈರೇ ಇಲ್ಲ! ಗಾಳೀಲೇ ಹೇಳೋದು.”

“ಗಾಳೀಲಿ ಹೇಳಿದ್ರೆ ನಿಮ್ಮಜ್ಜನೇ ಕೇಳಲ್ಲ, ದೋಣಿ ಕೇಳ್ತದಾ? ಎಲ್ಲಿ, ತೋರ್ಸು.”

“ಈಗ ಆಗಲ್ಲ. ಸೆಲ್ ಸತ್ತೋಗಿದೆ.”

ದೋಣಿ ಅವಳ ಗೆಳತಿಯ ಅಪ್ಪನದು. ಆ ಗೆಳತಿ ಕಾಲನಿಯಲ್ಲಿ ಪಕ್ಕದ ಮನೆಯವಳು, ಶಾಲೆಯಲ್ಲಿ ಒಂದೇ ಬೆಂಚಿನವಳು. ಅಪ್ಪ ಇಂಜಿನಿಯರು. ಮಗಳು ಹುಟ್ಟುವ ಮೊದಲು ಆ ದೋಣಿಯನ್ನು ಓಡಿಸುತ್ತಿದ್ದರಂತೆ, ಆಮೇಲೆ ಅದು ಅಟ್ಟ ಸೇರಿತಂತೆ. ಮನೆ ಖಾಲಿ ಮಾಡುವಾಗ ಕೈಗೆ ಸಿಕ್ಕಿದ್ದನ್ನು, ಸಾಮಾನು ಹೆಚ್ಚಾಯಿತೆಂದು ನಮ್ಮ ಹುಡುಗಿಗೆ ಕೊಟ್ಟಿದ್ದರು. ಆದರೆ ಅಪ್ಪನ ದೋಣಿ ಓಡುವುದನ್ನು ಆ ಗೆಳತಿ ಒಂದು ದಿನವೂ ನೋಡಿರಲಿಲ್ಲ. ಅವರು ಒರಿಸ್ಸಾ ಕಡೆಗೆ ಹೊರಟಿದ್ದರು. ಭಾನುವಾರ ಅವರ ಜೀಪು ಕಳಸದ ಮೇಲೆ ಹೋಗುವಾಗ ನಮ್ಮಲ್ಲಿ ಒಂದು ಗಳಿಗೆ ನಿಲ್ಲುವುದೆಂದು ಮಾತಾಗಿತ್ತು. ಅಷ್ಟರೊಳಗೆ ದೋಣಿ ಓಡುವಂತಾಗಬೇಕು, ಗೆಳತಿಯ ಕೈಯಲ್ಲೇ ಓಡಬೇಕು. ನಮ್ಮ ಹುಡುಗಿ ಹಾಗೆಂದು ಮಾತು ಕೊಟ್ಟು ಬಂದುಬಿಟ್ಟಿದ್ದಳು.

“ಸೆಲ್ ತಾನೇ? ಬಿಸಿಲಿಗೆ ಹಾಕಿದ್ರೆ ಎದ್ದು ಕೂರ್ತದೆ” ಅಂದರು ನಮ್ಮ ಮನೆಯವರು.

ಟಾರ್ಚು ಮಂಕಾದರೆ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ದೂಡುವುದು ನಮ್ಮ ಲೈನಿನಲ್ಲಿ ಎಲ್ಲರ ಮನೆಯ ಪದ್ಧತಿ. ಅದರ ಮೇಲೆ ಇವರು ಎಸ್ಟೇಟಿನ ಕಣ ಕಾಯುವವರು. ತೊಳೆದ ಕಾಫಿಬೀಜವನ್ನು, ಅದಕ್ಕೆ ಪಾರ್ಚ್‌ಮೆಂಟ್ ಅನ್ನುತ್ತೇವೆ, ಹರವಿ ಒಣಗಿಸುವುದೇ ಅವರ ಕೆಲಸ. ಒಣಗಿದರೆ ಸರಿಹೋಗದ ವಸ್ತು ಲೋಕದಲ್ಲಿ ಇದೆಯೆಂದು ಅವರು ನಂಬುತ್ತಿರಲಿಲ್ಲ. ದೋಣಿಯ ಹೊಟ್ಟೆಯಿಂದಲೂ ಡಬ್ಬಿಯ ಬೆನ್ನಿನಿಂದಲೂ ಸೆಲ್ಲಿನ ಕಟ್ಟು ಕಿತ್ತು, ಮೇಲಿನ ಪ್ಲಾಸ್ಟಿಕ್ ಹರಿದು, ಒಂದೊಂದನ್ನೇ ಬಿಡಿಸಿ ಕಣದ ಮೂಲೆಯಲ್ಲಿ ಸಾಲಾಗಿ ಮಲಗಿಸಿದರು. ಊಟಕ್ಕೆ ಬಂದರು. ಅಷ್ಟರಲ್ಲಿ ಬೀಜ ಕೈಯಾಡಿಸಲು ಬಂದ ಹೆಂಗಸು ಮರದ ಗೋರೆಯಲ್ಲಿ ಬೀಜವನ್ನೂ ಸೆಲ್ಲನ್ನೂ ಒಟ್ಟಿಗೆ ಎಳೆದು ಗುಡ್ಡೆ ಮಾಡಿಬಿಟ್ಟಳು.

ತೋಟದ ಲೆಕ್ಕ ನೋಡುವ ರೈಟರು ಓಡಿ ಬಂದರು. “ಏನು ಮಾರಾಯಾ ಇದು! ಮೂಟೇಲಿ ಸೆಲ್ ಸೇರಿ ಹೋದ್ರೆ ಧಣಿಗಳಿಗೆ ನಾನು ಎಂಥ ಹೇಳ್ಲಿ? ನಮ್ಮ ಕಾಫಿ ಕುಡಿದ್ರೆ ಹೊಟ್ಟೇಲಿ ದೀಪ ಹತ್ತುತ್ತೆ ಅಂತಲಾ?”

“ಹತ್ತಿದ್ರೆ ಒಳ್ಳೇದೇ ಅಲ್ವಾ ಸ್ವಾಮಿ, ಹೆಂಗೂ ಕರೆಂಟ್ ಇರಲ್ಲ” ಅಂದರು ಇವರು. ರೈಟರಿಗೂ ನಗು ತಡೆಯಲಾಗಲಿಲ್ಲ. ಸಂಜೆಯವರೆಗೆ ನಾವೆಲ್ಲ ಗುಡ್ಡೆಯನ್ನು ಜರಡಿ ಹಿಡಿದು ಸೆಲ್ಲು ಹೆಕ್ಕಿದೆವು. ಎಲ್ಲವೂ ಸಿಕ್ಕವು. ಬೆಚ್ಚಗಿದ್ದವು, ಅಷ್ಟೆ. ಎದ್ದು ಕೂರಲಿಲ್ಲ.

ಮರುದಿನ ನಾನೂ ಮೊಮ್ಮಗಳೂ ಕಳಸದ ರೇಡಿಯೋ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವರು ಸೆಲ್ಲನ್ನು ತಿರುಗಿಸಿ ನೋಡಿ, ಅದರ ತುದಿಯಲ್ಲಿ ಹೂವಿನ ಹಾಗೆ ಅರಳಿದ್ದ ಹಸಿರು ಬಿಳಿ ಪುಡಿ ನೋಡಿ, “ಇದನ್ನ ಬಿಸಿಲಿಗೆ ಹಾಕಿದ್ದು ಯಾರು?” ಅಂದರು.

“ನಮ್ಮಜ್ಜ.”

“ಪುಣ್ಯ ಮಾರಾಯ್ತಿ, ಒಲೆಗೆ ಹಾಕ್ಲಿಲ್ಲ.”

ಇವು ಟಾರ್ಚಿನ ಸೆಲ್ಲಲ್ಲ, ಕರೆಂಟು ಕುಡಿಸಿದರೆ ಮತ್ತೆ ಮತ್ತೆ ಜೀವ ಹಿಡಿಯುವಂಥವು. ಆದರೆ ವರ್ಷಗಟ್ಟಲೆ ಕುಡಿಸದೆ ಬಿಟ್ಟದ್ದರಿಂದ ಒಳಗೇ ಸತ್ತಿವೆ ಎಂದರು. ಒಂದೆರಡು ಬದಲಾಯಿಸಿದರೆ ಆಗದು, ಸತ್ತದ್ದರ ಜೊತೆ ಕಟ್ಟಿದರೆ ಹೊಸದೂ ಸಾಯುತ್ತದೆ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕು. ಟಾರ್ಚಿನ ಸೆಲ್ಲು ತುರುಕಿ ಚಾರ್ಜಿಗೆ ಹಾಕಿದಿರೋ, ಒಡೆದೀತು. ಮೊಮ್ಮಗಳು ಬಾಯಿ ತೆರೆದುಕೊಂಡು ಕೇಳಿದಳು. ನಾನು ಅವಳ ಬಾಯಿ ನೋಡುತ್ತ ನಿಂತಿದ್ದೆ. ಹಲ್ಲು ಬಿದ್ದ ಜಾಗದಲ್ಲಿ ಹೊಸದು ಇಣುಕುತ್ತಿತ್ತು, ಏನು ಚಂದ ಅಂತೀರಿ.

ಹೊಸ ಸೆಲ್ಲು ಕಳಸದಲ್ಲಿ ಇರಲಿಲ್ಲ. ಚಿಕ್ಕಮಗಳೂರಿಗೆ ಫೋನು ಮಾಡಿ, ಬಸ್ಸಿನ ಕಂಡಕ್ಟರ ಕೈಯಲ್ಲಿ ತರಿಸಿದರು. ಅದು ಗುರುವಾರ ಬಂತು. ಅಷ್ಟರಲ್ಲಿ ಡಬ್ಬಿಯೊಳಗಿನ ಕಿಲುಬು ತೆಗೆಯುವ ಕೆಲಸ ನನಗೆ ಸಿಕ್ಕಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ನಿಂಬೆರಸ ಹಚ್ಚಿ ಮೆಲ್ಲಗೆ ಉಜ್ಜಿ ಅಂದಿದ್ದರು. ತಾಮ್ರದ ಚೊಂಬು ಬೆಳಗುವ ಕೈ ಇದು, ತಗಡು ಬಂಗಾರದ ಹಾಗೆ ಹೊಳೆಯಿತು. ಆಮೇಲೆ ಒರೆಸಿ, ನಮ್ಮ ಮನೆಯವರ ಸಮಾಧಾನಕ್ಕೆ ಅದನ್ನೂ ಬಿಸಿಲಿಗಿಟ್ಟೆವು. ಆ ಸಲ ಬಿಸಿಲು ಸರಿಯಾಗಿಯೇ ಕೆಲಸ ಮಾಡಿತು. ಅಂಗಡಿಯವರು ಹೊಸ ಸೆಲ್ಲುಗಳನ್ನು ಬೆಸೆದು, ಕಟ್ಟು ಕಟ್ಟಿ, ದೋಣಿಯ ಜೊತೆಗೇ ಬಂದಿದ್ದ ಹಳೇ ಚಾರ್ಜರಿನ ಸಮೇತ ಕೊಟ್ಟು, “ನಿಧಾನದ ಚಾರ್ಜರ್ ಇದು. ಒಂದು ರಾತ್ರಿ ಪೂರ್ತಿ ಕುಡೀಬೇಕು” ಅಂದರು.

ಒಂದು ರಾತ್ರಿ ಪೂರ್ತಿ! ನಮ್ಮ ಲೈನಿಗೆ ಒಂದು ಗಂಟೆ ಕರೆಂಟು ಇದ್ದರೆ ಅದೇ ಹಬ್ಬ.

ಪಲ್ಪರ್ ಮನೆಯಲ್ಲಿ ಮಾತ್ರ ಜನರೇಟರ್ ಇತ್ತು. ದಿನವೂ ಕೊಯ್ದ ಹಣ್ಣನ್ನು ಸಂಜೆ ಅಲ್ಲಿ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸುತ್ತಾರೆ. ಹಣ್ಣು ಮುಗಿಯುವವರೆಗೆ ಜನರೇಟರ್ ಓಡುತ್ತದೆ, ಮುಗಿದ ಕೂಡಲೇ ನಿಲ್ಲಿಸುತ್ತಾರೆ. ರೈಟರ ಹತ್ತಿರ ಕೇಳಿದೆ. ಅವರು ಮೊಮ್ಮಗಳನ್ನು ನೋಡಿ, “ಇವಳಿಗೂ ಹಾಜರಿ ಹಾಕ್ಬೇಕಾ ಈಗ? ಮೂಲೇಲಿ ಸಿಕ್ಕಿಸ್ಕೊಳ್ಳಿ, ಹೋಗಿ” ಅಂದರು. ಶುಕ್ರವಾರ ಸಿಕ್ಕಿಸಿದೆವು. ಆ ದಿನ ಹಣ್ಣು ಕಡಿಮೆ ಬಿದ್ದಿತ್ತು. ನಾವು ಕೂತು ಒಂದು ಎಲೆಅಡಿಕೆ ಹಾಕಿಕೊಳ್ಳುವುದರೊಳಗೆ ಮುಗಿದೇ ಹೋಯಿತು. ಮೊಮ್ಮಗಳ ಮುಖ ಸಣ್ಣಗಾಯಿತು.

ಆಗ ನನಗೆ ಹೊಳೆದದ್ದನ್ನು ನೆನೆದು ಇವತ್ತಿಗೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ. ಹೆಚ್ಚು ಹಣ್ಣು ಬಂದರೆ ಪಲ್ಪರ್ ಹೆಚ್ಚು ಹೊತ್ತು ಓಡಬೇಕು. ಅದು ಓಡಿದಷ್ಟು ಹೊತ್ತು ಸೆಲ್ಲು ಕುಡಿಯುತ್ತದೆ. ಶನಿವಾರ ಬೆಳಿಗ್ಗೆ ಗಿಡದ ಸಾಲಿಗೆ ಇಳಿಯುವಾಗಲೇ ಕೊಯ್ಯುವ ಹೆಂಗಸರಿಗೆಲ್ಲ ಕಥೆ ಹೇಳಿದೆ.

“ಅಯ್ಯೋ ಹುಚ್ಚಿ, ದೋಣಿಗೆ ಕರೆಂಟ್ ಬೇಕು ಅಂತ ನಾವು ಕಾಫಿ ಕೊಯ್ಯೋದಾ?” ಅಂದಳು ಪಕ್ಕದ ಸಾಲಿನವಳು.

“ನೀನು ಕೊಯ್ಯೇ, ಭಾನುವಾರ ನಿನ್ನನ್ನೂ ಕೂರಿಸಿ ಕಳಿಸ್ತೀನಿ.”

“ನಾನು ಕೂತ್ರೆ ದೋಣಿಯೂ ಮುಳುಗ್ತದೆ, ಕೆರೆಯೂ ಉಕ್ಕುತ್ತದೆ!”

ನಕ್ಕಳು ನಿಜ, ಆದರೆ ಅವಳ ಕೈ ಓಡತೊಡಗಿತು. ಎಲ್ಲರ ಕೈಯೂ ಓಡಿತು. ಹರಟೆ ಇಲ್ಲ, ಗಿಡದ ಬುಡದಲ್ಲಿ ಕೂರುವುದಿಲ್ಲ. ಯಾರಾದರೂ ನಿಧಾನಿಸಿದರೆ “ಕರೆಂಟ್ ಕೊಯ್ರೇ, ಕರೆಂಟ್!” ಅನ್ನುವ ಕೂಗು. ಮೇಸ್ತ್ರಿ ಮಧ್ಯಾಹ್ನ ಬಂದು ತುಂಬಿದ ಚೀಲಗಳನ್ನು ನೋಡಿ, “ಇವತ್ತು ಎಂಥ ತಿಂದು ಬಂದಿದ್ದೀರಿ?” ಎಂದು ತಲೆ ಕೆರೆದುಕೊಂಡ. ಆ ಸಂಜೆ ಶುರುವಾದ ಪಲ್ಪರ್ ಊಟದ ಹೊತ್ತು ದಾಟಿದರೂ ಗಡಗಡ ಅನ್ನುತ್ತಲೇ ಇತ್ತು. ಚಾರ್ಜರಿನ ಕೆಂಪು ದೀಪದ ಮುಂದೆ ಮೊಮ್ಮಗಳು ಕೂತಿದ್ದಳು. ಅವಳ ಪಕ್ಕ ನಾನು. ಯಂತ್ರದ ಸದ್ದಿನಲ್ಲಿ ಇಬ್ಬರೂ ಕಿರುಚಿಕೊಂಡೇ ಮಾತಾಡಿದೆವು.

ಜನರೇಟರ್ ನಿಂತ ಮೇಲೆ ಮುಟ್ಟಿ ನೋಡಿದರೆ ಸೆಲ್ಲು ಉಗುರುಬೆಚ್ಚಗಿತ್ತು. “ಬೆಳಿಗ್ಗೆ ಅವ್ರು ಬರೋಕೆ ಮುಂಚೆ ಒಂದ್ಸಲ ನೀರಿಗೆ ಬಿಟ್ಟು ನೋಡೋಣ” ಅಂದರು ಅಜ್ಜ. ಆಸೆ ಅವರಿಗೇ.

“ಬೇಡ ಅಜ್ಜ. ಪೂರ್ತಿ ತುಂಬಿಲ್ಲ. ಇರೋದೆಲ್ಲ ಅವಳಿಗೆ.”

ಇಷ್ಟು ದಿನ ಆ ದೋಣಿಯನ್ನು ಪಕ್ಕದಲ್ಲೇ ಮಲಗಿಸಿಕೊಂಡ ಹುಡುಗಿ! ಅವಳೂ ಅದು ಓಡುವುದನ್ನು ನೋಡಿರಲಿಲ್ಲವಲ್ಲ. ಬಾಚಿ ತಬ್ಬಿಕೊಂಡೆ. ಮುದ್ದಾಡಿದೆ. “ಬಿಡು ಅಜ್ಜಿ, ಉಸಿರು ಕಟ್ತದೆ” ಎಂದು ತಪ್ಪಿಸಿಕೊಂಡಳು.

ಭಾನುವಾರ ಮಂಜು ಕರಗುವ ಹೊತ್ತಿಗೆ ಜೀಪು ಬಂತು. ರಜೆಯ ದಿನ, ಆದರೂ ಕೊಯ್ದ ಹೆಂಗಸರೆಲ್ಲ ತೋಟದ ಕೆರೆಯ ಏರಿಯ ಮೇಲೆ ಸೇರಿದ್ದರು. ಗೆಳತಿಯ ಅಪ್ಪ ದೋಣಿಯ ಗುಂಡಿ ಒತ್ತಿ, ಬಗ್ಗಿ ನೀರಿಗೆ ಬಿಟ್ಟರು. ನಮ್ಮ ಹುಡುಗಿ ಡಬ್ಬಿಯನ್ನು ಗೆಳತಿಯ ಕೈಗಿಟ್ಟಳು. ಗೆಳತಿ ಡಬ್ಬಿಯ ಮೇಲಿನ ಪುಟ್ಟ ಕಡ್ಡಿ ದೂಡಿದಳು.

ಜುಯ್ಯೆಂದು ಹೊರಟಿತು ನೋಡಿ! ನೀರು ಸೀಳಿಕೊಂಡು, ಮೂಗು ಎತ್ತಿಕೊಂಡು. ಹೆಂಗಸರು ಹೋ ಎಂದು ಕೂಗಿದರು. ಆ ಹುಡುಗಿಯ ಅಪ್ಪ ಇಂಗ್ಲಿಷು, ಕನ್ನಡ ಎರಡೂ ಬಿಟ್ಟು ಬರೀ ಚಪ್ಪಾಳೆ ತಟ್ಟಿದರು. ದೋಣಿ ಒಂದು ಸುತ್ತು ಹಾಕಿ ಬರುವಾಗ ಗೆಳತಿ ಡಬ್ಬಿ ಚಾಚಿ, “ಈಗ ನೀನು” ಅಂದಳು.

“ಬೇಡ, ಚಾರ್ಜ್ ಮುಗೀತದೆ. ನೀನೇ ಓಡ್ಸು.”

“ನೀನು ಓಡ್ಸದೆ ನಾನು ಜೀಪ್ ಹತ್ತಲ್ಲ.”

“ಹತ್ತು.”

“ಹತ್ತಲ್ಲ.”

ಇವರ ಜಗಳದಲ್ಲಿ ದೋಣಿ ತನ್ನಷ್ಟಕ್ಕೆ ಅತ್ತ ಹೋಗುತ್ತಿತ್ತು. ಡಬ್ಬಿಯಲ್ಲಿ ಕಡ್ಡಿಗಳು ಎರಡು, ಒಂದು ವೇಗಕ್ಕೆ, ಒಂದು ತಿರುವಿಗೆ. ಕೊನೆಗೆ ಗೆಳತಿ ನಮ್ಮವಳನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡು ಒಂದು ಕಡ್ಡಿ ಅವಳ ಕೈಗೆ ಕೊಟ್ಟಳು. ಒಬ್ಬಳು ಓಡಿಸುವುದು, ಇನ್ನೊಬ್ಬಳು ತಿರುಗಿಸುವುದು. ಒಬ್ಬಳಿಗೆ ಒಂದು ಕಡೆ, ಇನ್ನೊಬ್ಬಳಿಗೆ ಇನ್ನೊಂದು ಕಡೆ. ದೋಣಿ ಕುಡಿದವನ ಹಾಗೆ ವಾಲಾಡಿಕೊಂಡು ಕೆರೆಯೆಲ್ಲ ಓಡಾಡಿತು, ಜೊಂಡಿಗೆ ಹೊಕ್ಕಿತು, ಹಿಂದೆ ಬಂತು, ಮತ್ತೆ ಹೊಕ್ಕಿತು. ಇಬ್ಬರೂ ನಗುತ್ತ ನಗುತ್ತ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಡಬ್ಬಿಯನ್ನು ಮಾತ್ರ ಬಿಡಲಿಲ್ಲ. ಅತ್ತ ಜೀಪಿನ ಡ್ರೈವರು ಹಾರನ್ನು ಬಾರಿಸುತ್ತಲೇ ಇದ್ದ. ಇತ್ತ ಯಾರಿಗೂ ಕೇಳಿಸುತ್ತಿರಲಿಲ್ಲ.