ನನ್ನ ಕೈಗೆ ಮಾತ್ರ ಮುನಿಯುತ್ತಿದ್ದ ಕಾರು

ಇವತ್ತು ಚರ್ಚಿನಲ್ಲಿ ನನ್ನ ಪಕ್ಕ ಕುಳಿತಿದ್ದ ಸಭೆಯ ಈಗಿನ ಕಾರ್ಯದರ್ಶಿ, ಮೊಣಕಾಲೂರುವ ಮುನ್ನ ಜೇಬಿನಿಂದ ಕೀಲಿಕೈ ಗೊಂಚಲು ತೆಗೆದು ಬೆಂಚಿನ ಮೇಲಿಟ್ಟರು. ಝಣ್ ಎಂದಿತು. ನಾನು ಕಾರ್ಯದರ್ಶಿಯಾಗಿದ್ದ ಹನ್ನೊಂದು ವರ್ಷ ಆ ಸದ್ದು ನನ್ನದಾಗಿತ್ತು. ಗಂಟೆಯ ಕೋಣೆಯದು, ಸಭಾಂಗಣದ್ದು, ಎರಡು ಕಪಾಟಿನದು, ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಇನ್ನೂ ಆರು. ನಾನು ಕಾಣುವ ಮೊದಲೇ ನನ್ನ ಹುದ್ದೆ ಕೇಳಿಸಲಿ ಎಂಬ ಚಪಲವೂ ನನಗಿತ್ತು ಅನ್ನಿ. ಕಾರಿನ ಕೀಲಿಕೈಯನ್ನೂ ಅದರಲ್ಲೇ ಪೋಣಿಸಿದ್ದೆ.

ಕಾರು ಆಗಲೇ ಹಳೆಯದು, ಅದರ ಕಾಯಿಲೆ ವಿಚಿತ್ರವಾದದ್ದು. ಒಂದು ದಿನ ಮುಟ್ಟಿದರೆ ಸಾಕು, ಹೊರಡುತ್ತಿತ್ತು. ಮರುದಿನ ದೀಪ ಉರಿಯುವುದು, ಹಾರ್ನ್ ಕೂಗುವುದು, ಎಂಜಿನ್ ಮಾತ್ರ ಉಸಿರೆತ್ತುವುದಿಲ್ಲ. ಆರಾಧನೆ ಮುಗಿದ ಮೇಲೆ ಅರ್ಧ ಸಭೆ ನನ್ನ ಕಾರು ತಳ್ಳಿದ್ದುಂಟು. "ಮಾಸ್ತರ್ರು ಪ್ರಾರ್ಥನಾ ಇನ್ನೊಂದೀಟು ಜೋರ ಮಾಡಬೇಕ್ರಿ" ಎಂದು ಹಿರಿಯ ಹೆಂಗಸರು ನಗುತ್ತಿದ್ದರು.

ಆಗ ನಮ್ಮ ಸಭೆಯ ಬಹುಪಾಲು ಗಾಡಿಗಳನ್ನು ನೋಡುತ್ತಿದ್ದವರು ಇಮಾಮ್‌ಸಾಬರು. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಗ್ಯಾರೇಜ್ ಇಟ್ಟಿದ್ದರು. ಫೋನ್ ಮಾಡಿದರೆ ಸೈಕಲ್ ಹತ್ತಿ ಬರುವರು. ಬಂದವರೇ ಕೈ ಒರೆಸಿಕೊಂಡು, ಗೊಂಚಲಿನಿಂದ ಕಾರಿನ ಕೀಲಿಕೈ ಒಂದನ್ನೇ ಬಿಡಿಸಿಕೊಂಡು, ಉಳಿದದ್ದನ್ನು ಎರಡೂ ಕೈಯಿಂದ ನನಗೆ ಮರಳಿಸುವರು.

"ದೇವರ ಮನಿ ಚಾವಿ ಇವು, ಮಾಸ್ತರ್ರ. ಎಣ್ಣಿ ಕೈಯಾಗ ಹಿಡೀಬಾರದು. ನಿಮ್ಮ ಕಡೇನ ಇರ್ಲಿ."

ಆಮೇಲೆ ಒಳಗೆ ಕುಳಿತು ಕೀಲಿಕೈ ತಿರುಗಿಸಿದರೆ, ಒಂದೇ ಏಟಿಗೆ ಚಾಲೂ. ಅವರಿಗೆ ಸಂತೋಷವಾಗುವ ಬದಲು ಸಿಟ್ಟೇ ಬರುತ್ತಿತ್ತು. "ಜಡ್ಡು ಇದ್ದಾಗ ತೋರಸ್ರಿ. ಆರಾಮ ಇದ್ದಾಗ ತೋರಿಸಿದ್ರ ನಾ ಏನಂತ ನೋಡ್ಲಿ?" ಆದರೂ ಬಿಡಲಿಲ್ಲ. ಬ್ಯಾಟರಿಯ ತುದಿಗಳನ್ನು ಉಜ್ಜಿದರು, ವೈರುಗಳನ್ನು ಎಳೆದೆಳೆದು ನೋಡಿದರು, ಸೆಲ್ಫ್ ಮೋಟರು ಬಿಚ್ಚಿ ಕಟ್ಟಿದರು. ಕಾರು ಕೈಕೊಟ್ಟಾಗಲೆಲ್ಲ ಬರೆದಿಡಿ ಎಂದು ನನ್ನ ಕೈಗೆ ಒಂದು ನೋಟ್‌ಬುಕ್ಕನ್ನೂ ಕೊಟ್ಟರು. ಬಿಸಿಲಿತ್ತೆ, ಎಂಜಿನ್ ಕಾದಿತ್ತೆ, ಟಕ್ ಎಂದಿತೆ, ಎಲ್ಲವನ್ನೂ ನಾನು ಸಾಲಿ ಮಾಸ್ತರನ ದುಂಡಕ್ಷರದಲ್ಲಿ ಬರೆದೆ. ಕೀಲಿಕೈಯ ಜೊತೆ ಏನು ನೇತಾಡುತ್ತಿತ್ತೆಂದು ಮಾತ್ರ ಬರೆಯಲಿಲ್ಲ.

ಒಂದು ದಿನ ಧಾರವಾಡದಲ್ಲಿ ನಮ್ಮ ಸಭೆಯವರೊಬ್ಬರ ಮದುವೆ. ವಧುವನ್ನು ನನ್ನ ಕಾರಿನಲ್ಲೇ ಕರೆದೊಯ್ಯುತ್ತೇನೆಂದು ಜಂಬದಿಂದ ಹೇಳಿಬಿಟ್ಟಿದ್ದೆ. ಚರ್ಚಿನ ಗೇಟಿನಲ್ಲಿ ಎಲ್ಲರೂ ಸಿಂಗರಿಸಿಕೊಂಡು ನಿಂತಿರುವಾಗ ಕಾರು ಮೌನವ್ರತ ಹಿಡಿಯಿತು. ತಳ್ಳಿದರೂ ಕೇಳಲಿಲ್ಲ. ಇಮಾಮ್‌ಸಾಬರು ಬೆವರುತ್ತ ಬಂದರು, ಗೊಂಚಲು ಬಿಡಿಸಿ ನನಗೆ ಕೊಟ್ಟರು, ಕೀಲಿಕೈ ತಿರುಗಿಸಿದರು. ಚಾಲೂ!

ಯಾರೋ ನಕ್ಕರು. ನನ್ನ ನಾಲಿಗೆ ನನ್ನ ಹಿಡಿತದಲ್ಲಿ ಉಳಿಯಲಿಲ್ಲ. "ನಿಮ್ಮ ಕೈಗಷ್ಟ ಹೆಂಗ ಚಾಲೂ ಆಗತೈತ್ರಿ? ಪ್ರತೀ ಸಲ ನೀವ ಏನರ ಕೆಡಿಸಿಟ್ಟು ಹೋಗ್ತೀರೇನು?"

ಅವರು ಎಂಜಿನ್ ಬಂದ್ ಮಾಡಿ ಇಳಿದರು. ಕೀಲಿಕೈಯನ್ನು ಬಾನೆಟ್ಟಿನ ಮೇಲಿಟ್ಟರು. ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ಗೇಟು ದಾಟಿದರು. ಆಮೇಲೆ ನಮ್ಮ ಸಭೆಯವರು ಒಬ್ಬೊಬ್ಬರಾಗಿ ಗ್ಯಾರೇಜು ಬದಲಿಸಿದರು. ನನ್ನ ಮಾತಿಗೆ ಎಷ್ಟು ತೂಕವಿದೆ ಎಂದು ನಾನು ಒಳಗೊಳಗೇ ಬೀಗಿದೆ.

ಮರುವರ್ಷ ಕಾರ್ಯದರ್ಶಿತನ ಮುಗಿದು ಗೊಂಚಲು ಒಪ್ಪಿಸಿದೆ. ಅಂದಿನಿಂದ ಕಾರು ದಿನವೂ ಹೊರಡತೊಡಗಿತು. ಕೊನೆಗೂ ಬುದ್ಧಿ ಬಂತೆಂದುಕೊಂಡೆ, ಕಾರಿಗೆ. ಹೊಸ ಕಾರ್ಯದರ್ಶಿ ಊರಿಗೆ ಹೋಗುವಾಗ ಗೊಂಚಲನ್ನು ನಾಲ್ಕು ದಿನ ನನ್ನಲ್ಲಿ ಬಿಟ್ಟರು. ಹಳೆಯ ಚಾಳಿಯಂತೆ ಕಾರಿನ ಕೀಲಿಕೈ ಪೋಣಿಸಿದೆ. ಕಾರು ಹೊರಡಲಿಲ್ಲ. ಬಿಡಿಸಿದೆ, ಹೊರಟಿತು. ಪೋಣಿಸಿದೆ, ಇಲ್ಲ. ವರ್ಷಗಟ್ಟಲೆ ಆ ಭಾರ ಜಗ್ಗಿ ಜಗ್ಗಿ ಕೀಲಿಕೈ ತಿರುಗಿಸುವ ಸ್ವಿಚ್ಚೇ ಸವೆದಿತ್ತು. ಕಾರಿನೊಳಗೆ ಒಬ್ಬನೇ ಕುಳಿತು ನಾಚಿಕೆಯಿಂದ ಬೆವೆತೆ. ಅವತ್ತೇ ಹಳೇ ಹುಬ್ಬಳ್ಳಿಗೆ ಹೋಗಬೇಕಿತ್ತು. ಹೋಗಲು ಮೂರು ವರ್ಷ ಹಿಡಿಯಿತು. ಪ್ರತಿ ಭಾನುವಾರ ಎಲ್ಲರ ಜೊತೆ ಪಾಪ ಒಪ್ಪಿಕೊಳ್ಳುತ್ತಿದ್ದೆ, ಇದೊಂದನ್ನು ಬಿಟ್ಟು.

ಮೊನ್ನೆ ಗುರುವಾರ ಹೋದೆ. ಗ್ಯಾರೇಜು ಇದ್ದಲ್ಲಿ ಮೊಬೈಲ್ ಅಂಗಡಿ. ಇಮಾಮ್‌ಸಾಬರು ಹಿಂದಿನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಕೈಗಳು ಎಷ್ಟು ಸ್ವಚ್ಛವಾಗಿದ್ದವೆಂದರೆ ನನಗೆ ನೋಡಲಾಗಲಿಲ್ಲ. ಚಹಾ ತರಿಸಿ, ಬೇರೇನೂ ಮಾತಾಡದೆ ಕೇಳಿದರು:

"ಖರೇ ಹೇಳ್ರಿ ಮಾಸ್ತರ್ರ, ಆ ಗಾಡಿದು ದೋಷ ಎಲ್ಲಿತ್ತು? ಇನ್ನೂ ತಲ್ಯಾಗ ಕೊರೀತೈತಿ."

ಹೇಳಿದೆ. ಅವರು ಬರಿಗೈಯನ್ನೇ ಮೇಲೆ ಕೆಳಗೆ ಆಡಿಸಿ, ಇಲ್ಲದ ಗೊಂಚಲನ್ನು ತೂಗಿ ನೋಡಿದರು. "ಹೌದಲ್ಲ... ಪ್ರತೀ ಸಲ ಅದನ್ನ ಬಿಚ್ಚಿ ನಿಮಗ ಕೊಟ್ಟು ಆಮ್ಯಾಲೆ ನೋಡ್ತಿದ್ದೆ. ನಂದ ತಪ್ಪಾತು ಬಿಡ್ರಿ."

"ನಿಮ್ಮದಲ್ರಿ, ತಪ್ಪು ನಂದು. ಮಂದಿ ಮುಂದ ಹಂಗ ಅನಬಾರದಿತ್ತು."

ಅವರು ಚಹಾದ ಕಪ್ಪು ಕೆಳಗಿಟ್ಟರು. "ಅದನ್ನ ನನ್ನ ಮುಂದ ಹೇಳಿದ್ರ ಏನ್ ಬಂತ್ರಿ? ಅವತ್ತ ಎಲ್ಲಿ ಅಂದ್ರೋ ಅಲ್ಲಿ ಹೇಳ್ರಿ."

ಅದಕ್ಕೇ ಇವತ್ತು ಆರಾಧನೆ ಮುಗಿದ ಮೇಲೆ ಅದೇ ಗೇಟಿನಲ್ಲಿ ನಿಂತು, ಅವತ್ತು ಇದ್ದವರಲ್ಲೊಬ್ಬರನ್ನು ಹಿಡಿದು ಇಮಾಮ್‌ಸಾಬರ ಮಾತು ತೆಗೆದೆ.

"ಓ, ಅಂವಾ! ಬೇಕಂತ ಗಾಡಿ ಕೆಡಿಸಿ ಇಡ್ತಿದ್ದನಲ್ಲ, ಅವನ ಹೌದಲ್ರಿ?"

ಹಾಗಂದವರು ಯಾರೆಂಬುದು ಅವರಿಗೆ ನೆನಪಿರಲಿಲ್ಲ, ಅಂದ ಮಾತಷ್ಟೇ ನೆನಪಿತ್ತು. ಅಲ್ಲ, ಹಾಗಂದವನು ನಾನು, ಅದು ಸುಳ್ಳು ಎಂದೆ. ಇನ್ನೂ ಹೇಳುತ್ತಿರುವಾಗಲೇ, ಮನೆಯಲ್ಲಿ ನೆಂಟರು ಬಂದಿದ್ದಾರೆಂದು ಅವರು ಹೊರಟುಹೋದರು.

ನಾನು ಕಾರಿನಲ್ಲಿ ಕುಳಿತು ಒಂಟಿ ಕೀಲಿಕೈ ತಿರುಗಿಸಿದೆ. ಒಂದೇ ಏಟಿಗೆ ಚಾಲೂ ಆಯಿತು. ಗೇಟಿನತ್ತ ತಿರುಗಿ ನೋಡಿ, ಬಂದ್ ಮಾಡಿ ಇಳಿದೆ. ಅವತ್ತು ಇದ್ದವರಲ್ಲಿ ಇನ್ನೂ ಮೂವರು ಅಲ್ಲಿ ನಿಂತಿದ್ದರು.