ಬಾಗಿಲ ಪಕ್ಕದ ಹಳದಿ ಕಲ್ಲು

ಕಲ್ಲು ಆರಿಸುವುದರಲ್ಲಿ ಮುರಿಗೆಪ್ಪನ ಕಣ್ಣು ಎಂದೂ ತಪ್ಪಿದ್ದಲ್ಲ. ಈ ಸಲ ಅವನನ್ನು ಕೆಡಿಸಿದ್ದೂ ಆ ಹಾಳು ಕಣ್ಣೇ.

ವಿಜಾಪುರದ ಕಡೆಯಿಂದ ಮುಂಬಯಿ ಸೇರಿದ ಗೌಂಡಿ ಅವನು. ಎಪ್ಪತ್ತೊಂದರ ಮಳೆಗಾಲದಲ್ಲಿ ವಿಲೆ ಪಾರ್ಲೆಯ ಸೇಠ್ ಒಬ್ಬರ ಬಂಗಲೆಯ ಮುಂಗೋಡೆಗೆ ಮಾಲಾಡಿನ ಹಳದಿ ಕಲ್ಲು ಹಚ್ಚುತ್ತಿದ್ದ. ಸೇಠಾಣಿಯನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಒಂದು ಕಲ್ಲು ಮಾಸಲು ಎನ್ನುವಳು, ಇನ್ನೊಂದರಲ್ಲಿ ಗೆರೆ ಎನ್ನುವಳು. ಬಾಗಿಲ ಪಕ್ಕಕ್ಕಂತೂ ಒಂದು ಕಲೆಯೂ ಇಲ್ಲದ ಕಲ್ಲೇ ಬೇಕೆಂದು ಹಟ ಹಿಡಿದಳು. ಮುರಿಗೆಪ್ಪ ರಾಶಿಯನ್ನೆಲ್ಲ ಜಾಲಾಡಿದ. ಕೊನೆಗೆ ಬಾದಾಮಿ ಮರದ ಬುಡದಲ್ಲಿ ಒಂಟಿಯಾಗಿ ನಿಂತಿದ್ದ ಒಂದು ಕಲ್ಲು ಕಣ್ಣಿಗೆ ಬಿತ್ತು. ಸಿಮೆಂಟು ಗಟ್ಟಿಯಾಗಿ ಹಿಡಿಯಲೆಂದು ಅದರ ಬೆನ್ನಿಗೆ ಉಳಿಯಿಂದ ಕಚ್ಚು ಹಾಕಿ ಗೋಡೆಗೆ ಕೂರಿಸಿಬಿಟ್ಟ. ಸೇಠಾಣಿ ಅಂದೇ ಮೊದಲು ನಕ್ಕದ್ದು.

ಮರುದಿನ ಬೆಳಿಗ್ಗೆ ಅವನ ಹೆಂಡತಿ ಹಾಲವ್ವ ಮರದ ಬುಡಕ್ಕೆ ಹೋದವಳು ಅಲ್ಲೇ ಕುಸಿದು ಕೂತಳು. ಕಲ್ಲಿನ ಲಾರಿ ಬಂದ ದಿನ ಕೆಲಸದ ಹೆಂಗಸರು ರಾಶಿಯಲ್ಲಿ ಚೆಂದದ ಕಲ್ಲೊಂದನ್ನು ಆರಿಸಿ, ಅರಿಸಿನ ಕುಂಕುಮ ಹಚ್ಚಿ, ದುರ್ಗವ್ವನೆಂದು ನಿಲ್ಲಿಸಿದ್ದರು. ಆ ವಾಡಿಕೆ ಮುರಿಗೆಪ್ಪನಿಗೆ ಗೊತ್ತು, ಯಾವ ಕಲ್ಲೆಂದು ಮಾತ್ರ ನೋಡಿರಲಿಲ್ಲ. ಕುಂಕುಮವನ್ನು ಮಳೆ ತೊಳೆದುಬಿಟ್ಟಿತ್ತು.

ಮಗಳು ದೇವಕ್ಕ ಚೊಚ್ಚಲ ಹೆರಿಗೆಗೆ ಬಾಂದ್ರಾದ ಆಸ್ಪತ್ರೆಯಲ್ಲಿದ್ದಳು. ನಿನ್ನೆಯಿಂದ ನೋವು ತಿನ್ನುತ್ತಿದ್ದಳು; ರಾತ್ರಿ ಹಾಲವ್ವ ಹೋಗಿ ನೋಡಿಬಂದಿದ್ದಳು. ಅವಳನ್ನು ಈ ಅವ್ವನ ಉಡಿಗೆ ಹಾಕಿ ಹಾಲವ್ವ ಧೈರ್ಯ ತಂದುಕೊಂಡಿದ್ದಳು. ಈಗ ಅವ್ವನೇ ಮುನಿಸಿಕೊಂಡು ಎದ್ದು ಹೋದಳೆಂದು ನೀರನ್ನೂ ಮುಟ್ಟಲಿಲ್ಲ.

ತಾನು ಗೋಡೆಗೆ ಕೂರಿಸಿದ್ದು ಯಾವ ಕಲ್ಲೆಂದು ಮುರಿಗೆಪ್ಪನಿಗೆ ಆಗ ತಿಳಿಯಿತು. ಹಚ್ಚಿದ ಕಲ್ಲು ಕೀಳಹೋದರೆ ಒಡೆದೇ ಬರುತ್ತದೆ. ದೇವರನ್ನು ಒಡೆದ ಪಾಪವೂ ತಲೆಗೆ ಸುತ್ತಿಕೊಳ್ಳುತ್ತದೆ. ಬಾಯಿ ಮುಚ್ಚಿಕೊಂಡು ಇರೋಣವೆಂದರೆ ಕಣ್ಣೆದುರು ಹೆಂಡತಿ ಒಣಗುತ್ತಿದ್ದಾಳೆ. ಮಧ್ಯಾಹ್ನದವರೆಗೆ ಮಾಡಿದ್ದನ್ನೇ ಮಾಡುತ್ತ, ಕೆಡಿಸಿದ್ದನ್ನೇ ಕೆಡಿಸುತ್ತ ಇದ್ದ. ಆಮೇಲೆ ತಡೆಯಲಾಗದೆ ಅವಳ ಮುಂದೆ ಬಂದು ಕೂತ.

“ಆಕಿ ಎಲ್ಲೂ ಹೋಗಿಲ್ಲ. ನಾನ ಗ್ವಾಡಿಗೆ ಹಚ್ಚೀನಿ.”

ಬಯ್ಯುತ್ತಾಳೆಂದು ತಲೆ ತಗ್ಗಿಸಿದ. ಹಾಲವ್ವ ಗೋಡೆಯನ್ನೇ ನೋಡುತ್ತಿದ್ದಳು.

“ಉಳಿ ಹೊಡದೀರೇನು?”

“ಬೆನ್ನಿಗೆ ಹೊಡದೀನಿ.”

“ಅದಕ್ಕ ನಿನ್ನಿಯಿಂದ ಹುಡುಗಿ ಬೆನ್ನು, ಬೆನ್ನು ಅಂತ ಒದರಾಕತ್ತಾಳ.”

ಅಷ್ಟೇ ಹೇಳಿ ಎದ್ದಳು. ಬಯ್ದಿದ್ದರೆ ವಾಸಿಯಿತ್ತು. ಗೋಡೆಯ ಆ ಕಲ್ಲಿಗೆ ಅವಳು ಕೈಯೂರಿ ಹಣೆ ಹಚ್ಚಿ ನಿಂತಾಗ, ಕೈ ಕೊಳೆಯಾಗಿದೆ, ದೂರ ನಿಲ್ಲು ಎಂದು ಸೇಠಾಣಿ ಮೇಲಿನಿಂದ ಗದರಿದಳು. ಗಂಡ ಹೆಂಡತಿ ಲೋಕಲ್ ಹಿಡಿದು ಬಾಂದ್ರಾಕ್ಕೆ ಹೊರಟರು.

ಆಸ್ಪತ್ರೆಯಲ್ಲಿ ಹಾಲವ್ವ ಒಳಗೆ ಹೋದಳು, ಅವನು ವರಾಂಡದಲ್ಲಿ ನಿಂತ. ಒಳಗಿನಿಂದ ಯಾರೋ ಚೀರಿದಾಗಲೆಲ್ಲ ತನ್ನ ಬಲಗೈಯನ್ನು ಅಂಗಿಯಡಿ ಮುಚ್ಚಿಟ್ಟುಕೊಳ್ಳುತ್ತಿದ್ದ. ಬಹಳ ಹೊತ್ತಿನ ಮೇಲೆ ಹಾಲವ್ವ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದಳು. ಹೆಣ್ಣು ಕೂಸು, ದೇವಕ್ಕನೂ ಹುಷಾರಿದ್ದಾಳೆ ಎಂದಳು. ಮೊಮ್ಮಗಳ ಮೋರೆ ನೋಡಿರೆಂದು ಅವನ ಕೈಗಿತ್ತಳು.

ಮುರಿಗೆಪ್ಪ ಮೋರೆ ನೋಡಲಿಲ್ಲ. ಬಟ್ಟೆ ಸರಿಸಿ, ಕೂಸನ್ನು ಮೆಲ್ಲಗೆ ಮಗುಚಿ, ಮೊದಲು ಅದರ ಬೆನ್ನು ನೋಡಿದ.